ಯುದ್ಧೋತ್ತರ ಬ್ರಿಟನ್ನಿನ ಬೀದಿಗುಂಪುಗಳು: ಕೋಹೆನ್ನರ ಗ್ರಂಥವನ್ನು ಕುರಿತು ಕೆಲವು ವಿಚಾರಗಳು

ಸ್ಟ್ಯಾನ್ಲಿ ಕೋಹೆನ್ನರ ‘ಫೋಕ್ ಡೆವಿಲ್ಸ್ ಅಂಡ್ ಮಾರಲ್ ಪ್ಯಾನಿಕ್ಸ್’ ಎಂಬ ಗ್ರಂಥವು ೧೯೭೨ರಲ್ಲಿ ಪ್ರಕಟವಾಯಿತು. ಎರಡನೆಯ ಮಹಾಯುದ್ಧಾನಂತರದ ಬ್ರಿಟನ್ನಿನ ತರುಣರ ಗುಂಪುಗಳನ್ನು ಕುರಿತು ಬರೆಯುವವರು ಅದನ್ನು ಸ್ಮರಿಸದೆ ಮುಂದುವರಿಯುವುದು ಅಪರೂಪ. ನಮ್ಮ ವಿದ್ಯಾರ್ಥಿಗಳೂ ಅದರ ಸಾರವನ್ನು ಒಂದೇ ವಾಕ್ಯದಲ್ಲಿ ಒಪ್ಪಿಸುವುದುಂಟು: ಈ ಗುಂಪುಗಳ ಹಾವಳಿಯೆಲ್ಲವೂ ಪತ್ರಿಕೆಗಳ ಸೃಷ್ಟಿ. ಕೋಹೆನ್ನರು ಹಾಗೆ ಹೇಳಿಲ್ಲ. ಆದರೆ ಹಾಗೆ ಓದುವುದಕ್ಕೆ ಗ್ರಂಥದಲ್ಲಿ ಎಡೆಯಿದೆಯೆಂದು ನನಗೆ ತೋರುತ್ತದೆ.

ಗ್ರಂಥದ ಬಲವು ೧೯೬೪ರ ಈಸ್ಟರ್ ರಜೆಯಲ್ಲಿ ಕ್ಲಾಕ್ಟನ್ ಎಂಬ ಕಡಲತೀರದ ಊರಿನಲ್ಲಿ ನಡೆದ ಗಲಭೆಯ ವಿವೇಚನೆಯಲ್ಲಿದೆ. ಕಡುಚಳಿ, ಮಳೆ, ಮಾಡಲು ಕೆಲಸವಿಲ್ಲದೆ ಬೇಸತ್ತ ಹುಡುಗರು, ಕೆಲವು ಕಿಟಕಿಗಳು ಒಡೆದವು, ತೀರದ ಮರದ ಗುಡಿಸಲುಗಳು ಹಾಳಾದವು. ನಷ್ಟ ಸುಮಾರು ೫೦೦ ಪೌಂಡು. ಮರುದಿನದ ಪತ್ರಿಕೆಗಳಲ್ಲಾದರೋ ಇದು ಒಂದು ಊರಿನ ಮೇಲೆ ದಂಡು ಬಿದ್ದಂತೆ ವರ್ಣಿತವಾಯಿತು. ಮಾಡ್ಸ್ ಮತ್ತು ರಾಕರ್ಸ್ ಎಂಬ ಎರಡು ಪಕ್ಷಗಳ ವೈರವು ಮೊದಲಿಗೆ ಅಷ್ಟು ಸ್ಪಷ್ಟವಾಗಿರಲಿಲ್ಲ. ಲಂಡನ್ನಿನಿಂದ ಬಂದವರಿಗೂ ಸ್ಥಳೀಯರಿಗೂ ಇದ್ದ ಹಳೆಯ ಮನಸ್ತಾಪವೇ ಹೆಚ್ಚು ಕಾಣುತ್ತಿತ್ತು. ವರದಿಗಳು ಹೊರಟ ಮೇಲೆ ಹುಡುಗರು ತಮಗೆ ಹಂಚಿದ ಪಾತ್ರಗಳನ್ನು ಅಭಿನಯಿಸತೊಡಗಿದರು. ಅದೇ ವರ್ಷ ಪಾರ್ಲಿಮೆಂಟು ಆಸ್ತಿಹಾನಿಯ ದಂಡನೆಯನ್ನು ಹೆಚ್ಚಿಸುವ ಕಾಯಿದೆಯನ್ನು ಮಾಡಿತು. ಈ ಸರಪಳಿಯನ್ನು ಕೊಂಡಿ ಕೊಂಡಿಯಾಗಿ ಬಿಡಿಸಿ ತೋರಿಸಿದುದು ಕೋಹೆನ್ನರ ಹಿರಿಮೆ.

ಆದರೆ ಆರು ವರ್ಷ ಹಿಂದಕ್ಕೆ ಹೋದರೆ ಈ ಅಳತೆಗೋಲು ಸಾಲದಾಗುತ್ತದೆ. ಯುದ್ಧಾನಂತರ ಲಂಡನ್ನಿನ ಸಿರಿವಂತರಿಗಾಗಿ ದರ್ಜಿಗಳು ಮತ್ತೆ ಬಳಕೆಗೆ ತಂದ ಎಡ್ವರ್ಡ್ ದೊರೆಯ ಕಾಲದ ನಿಲುವಂಗಿಯನ್ನು ನಗರದ ಶ್ರಮಿಕರ ಮಕ್ಕಳು ತಮ್ಮದನ್ನಾಗಿ ಮಾಡಿಕೊಂಡು ‘ಟೆಡ್ಡಿ ಬಾಯ್ಸ್’ ಎನಿಸಿಕೊಂಡರು. ೧೯೫೮ರ ಆಗಸ್ಟ್ ಕೊನೆಯಲ್ಲಿ ನಾಟಿಂಗ್ ಹಿಲ್‌ನಲ್ಲಿ ವೆಸ್ಟ್ ಇಂಡೀಸಿನಿಂದ ಬಂದು ನೆಲಸಿದವರ ಮೇಲೆ ಹಲ್ಲೆಗಳು ನಡೆದಾಗ ದೋಷವನ್ನೆಲ್ಲ ಈ ಉಡುಪಿನವರ ತಲೆಗೆ ಕಟ್ಟಲಾಯಿತು. ಒಂಬತ್ತು ಮಂದಿ ತರುಣರಿಗೆ ತಲಾ ನಾಲ್ಕು ವರ್ಷಗಳ ಸೆರೆಯಾಯಿತು. ಇದು ಪುಂಡರ ಕೃತ್ಯವೇ ಹೊರತು ವರ್ಣದ್ವೇಷವಲ್ಲವೆಂದು ಹಿರಿಯ ಪೋಲೀಸು ಅಧಿಕಾರಿಗಳು ಸರ್ಕಾರಕ್ಕೆ ತಿಳಿಸಿದ್ದರು. ೨೦೦೨ರಲ್ಲಿ ಬಹಿರಂಗವಾದ ಕಡತಗಳಲ್ಲಿ ಬೀದಿಯಲ್ಲಿದ್ದ ಪೇದೆಗಳ ಹೇಳಿಕೆಗಳು ಇದಕ್ಕೆ ವಿರುದ್ಧವಾಗಿವೆ. ೧೯೫೯ರ ಮೇ ತಿಂಗಳಲ್ಲಿ ಆಂಟಿಗುವಾದಿಂದ ಬಂದಿದ್ದ ಕೆಲ್ಸೋ ಕಾಕ್ರೇನ್ ಎಂಬ ಬಡಗಿ ಅಲ್ಲಿಯೇ ಬಿಳಿಯ ತರುಣರ ಇರಿತಕ್ಕೆ ಬಲಿಯಾದನು, ಯಾರಿಗೂ ಶಿಕ್ಷೆಯಾಗಲಿಲ್ಲ. ಕ್ಲಾಕ್ಟನ್ನಿನಲ್ಲಿ ಗುಂಪಿನ ಹೆಸರು ಸಣ್ಣದನ್ನು ದೊಡ್ಡದು ಮಾಡಿತು. ಇಲ್ಲಿ ದೊಡ್ಡದನ್ನು ಸಣ್ಣದು ಮಾಡಿತು. ಒಂದು ಸಮಾಜದ ಅಪರಾಧವು ಒಂದು ಉಡುಪಿನ ಅಪರಾಧವಾಗಿ ಕುಗ್ಗಿತು. ಕೋಹೆನ್ನರ ದೃಷ್ಟಿ ೧೯೬೪ರಲ್ಲಿ ನೆಟ್ಟಿರುವುದರಿಂದ ಈ ಎರಡನೆಯ ಬಗೆಯ ಹೆಸರಿಡುವಿಕೆಗೆ ಗ್ರಂಥದಲ್ಲಿ ತಕ್ಕ ಸ್ಥಾನ ದೊರೆತಿಲ್ಲ.

ಹಾಗಾದರೆ ಗುಂಪುಗಳ ಸ್ವರೂಪವೇ ಬದಲಾಗಲಿಲ್ಲವೇ? ಬದಲಾಯಿತು, ಆದರೆ ಸೌಮ್ಯದಿಂದ ಕ್ರೂರಕ್ಕೆ ಎಂಬ ನೇರ ದಾರಿಯಲ್ಲಲ್ಲ. ಪ್ರತಿಯೊಂದು ತಲೆಮಾರೂ ಇಪ್ಪತ್ತು ವರ್ಷಗಳ ಹಿಂದೆ ಶಾಂತಿಯಿತ್ತೆಂದು ನಂಬಿತ್ತೆಂಬುದನ್ನು ಜೆಫ್ರಿ ಪಿಯರ್ಸನ್ನರು ‘ಹೂಲಿಗನ್’ ಎಂಬ ೧೯೮೩ರ ಗ್ರಂಥದಲ್ಲಿ ಸಾಧಾರವಾಗಿ ತೋರಿಸಿದ್ದಾರೆ. ಗ್ಲಾಸ್ಗೋದ ಕ್ಷೌರಕತ್ತಿಯ ಗುಂಪುಗಳು ಯುದ್ಧಕ್ಕಿಂತ ಹಿಂದಿನವು. ಯುದ್ಧಾನಂತರ ಆ ನಗರದ ಹಳೆಯ ಕೇರಿಗಳಿಂದ ಜನರನ್ನು ಸಾಗಿಸಿ ಅಂಚಿನ ಈಸ್ಟರ್‌ಹೌಸ್‌ನಂಥ ಬಡಾವಣೆಗಳಲ್ಲಿ ನೆಲೆಗೊಳಿಸಿದರು; ಮನೆಗಳು ಎದ್ದವು, ಅಂಗಡಿ, ಚಿತ್ರಮಂದಿರ, ಕೂಡುವ ತಾಣಗಳು ಏಳಲಿಲ್ಲ. ೧೯೬೮ರಲ್ಲಿ ಗಾಯಕ ಫ್ರಾಂಕಿ ವಾನ್ ಅಲ್ಲಿಗೆ ಬಂದು ಹುಡುಗರು ಆಯುಧಗಳನ್ನು ಒಪ್ಪಿಸುವಂತೆ ಮಾಡಿದುದು ಪ್ರಸಿದ್ಧವಾಗಿದೆ. ಐವತ್ತರ ದಶಕದ ತರುಣನಿಗೆ ಕೂಲಿ ದೊರೆಯುತ್ತಿತ್ತು, ೧೯೬೦ರವರೆಗೆ ಕಡ್ಡಾಯ ಸೈನ್ಯಸೇವೆಯ ಕರೆಯೂ ಬರುತ್ತಿತ್ತು; ಬೀದಿ ಅವನಿಗೆ ಕೆಲವು ವರ್ಷಗಳ ಮಾತು. ೧೯೮೧ರ ವೇಳೆಗೆ ಪೂರ್ವ ಲಂಡನ್ನಿನ ಹಡಗುಕಟ್ಟೆಗಳು ಮುಚ್ಚಿಹೋಗಿದ್ದವು. ಅವನ ಮೊಮ್ಮಗನ ಕಾಲಕ್ಕೆ ಬೀದಿಯಲ್ಲಿ ಮಾದಕವಸ್ತುಗಳ ವ್ಯಾಪಾರವು ಬೇರೂರಿತ್ತು. ಕೆಲವರಿಗಾದರೂ ಗುಂಪು ಸಂಪಾದನೆಯ ದಾರಿಯಾಯಿತು. ನಿಜವಾದ ಬದಲಾವಣೆಯನ್ನು ಇಲ್ಲಿ ಹುಡುಕಬೇಕು, ಉಡುಪಿನಲ್ಲಲ್ಲ.

ಇಲ್ಲಿ ಒಂದು ಮಾತು. ‘ಗ್ಯಾಂಗ್’ ಎಂಬುದನ್ನು ನಾವು ‘ಪುಂಡರ ಗುಂಪು’ ಎಂದು ಕನ್ನಡಿಸಿದೊಡನೆ ವಿಚಾರಣೆಗೆ ಮುಂಚೆಯೇ ತೀರ್ಪು ಬಂದಿರುತ್ತದೆ. ಪ್ರಕೃತ ಲೇಖನದಲ್ಲಿ ‘ಬೀದಿಗುಂಪು’ ಎಂಬ ಮಾತನ್ನು ಬಳಸಿರುವುದು ಈ ಕಾರಣದಿಂದ.

ಈ ಎಚ್ಚರ ಕೇವಲ ಪದಗಳ ವಿಷಯವಲ್ಲ. ೨೦೧೧ರ ಗಲಭೆಗಳ ಬಳಿಕ ಲಂಡನ್ನಿನ ಪೋಲೀಸರು ೨೦೧೨ರಲ್ಲಿ ಗುಂಪುಗಳಿಗೆ ಸೇರಿದವರೆಂದು ಎಣಿಸಿದವರ ಒಂದು ದಾಖಲೆಪಟ್ಟಿಯನ್ನು ಆರಂಭಿಸಿದರು. ಅದರಲ್ಲಿ ಕಪ್ಪು ಜನಾಂಗದ ತರುಣರೇ ಬಹುಸಂಖ್ಯಾತರು. ಪಟ್ಟಿಯ ನಿರ್ವಹಣೆಯು ಮಾಹಿತಿರಕ್ಷಣೆಯ ನಿಯಮಗಳನ್ನು ಮೀರಿದೆಯೆಂದು ೨೦೧೮ರಲ್ಲಿ ಮಾಹಿತಿ ಆಯುಕ್ತರ ಕಚೇರಿ ನಿರ್ಣಯಿಸಿತು. ೨೦೨೪ರಲ್ಲಿ ಪೋಲೀಸರು ಅದನ್ನು ಕೈಬಿಟ್ಟರು. ಅಷ್ಟರಲ್ಲಿ ಹನ್ನೆರಡು ವರ್ಷಗಳು ಸಂದಿದ್ದವು.