ಒಂದು ರಾತ್ರಿಯ ಚಿಕಿತ್ಸೆ

ಊರಿನಿಂದ ಬಂದ ನೆಂಟರನ್ನು ತೃಪ್ಪುಣಿತ್ತುರದ ಹಿಲ್ ಪ್ಯಾಲೇಸಿಗೆ ಕರೆದೊಯ್ದರೆ ಒಂದು ಪ್ರಶ್ನೆ ತಪ್ಪದು: "ನಾಗವಲ್ಲಿ ಇದ್ದದ್ದು ಇಲ್ಲೇ ಏನು?" ಫಾಜಿಲರ ಮಲಯಾಳ ಚಿತ್ರ 'ಮಣಿಚಿತ್ರತ್ತಾಳ್' (1993) ಕೆಲಮಟ್ಟಿಗೆ ಇಲ್ಲಿಯೇ ಚಿತ್ರಿತವಾದದ್ದು. ಅದೇ ಕಥೆ 2004ರಲ್ಲಿ ಪಿ. ವಾಸು ಅವರ 'ಆಪ್ತಮಿತ್ರ'ವಾಗಿ ಕನ್ನಡಕ್ಕೆ ಬಂತು. ಶೋಭನಾ, ಸೌಂದರ್ಯ ಇಬ್ಬರ ಅಭಿನಯಕ್ಕೂ ಮನಸೋತವರು ನಾವು. 2024ರಲ್ಲಿ ಮಲಯಾಳ ಚಿತ್ರ ಮತ್ತೆ ತೆರೆಗೆ ಬಂದಾಗ ಮಾತ್ರ ಏನೋ ಕಸಿವಿಸಿಯಾಯಿತು.

ಚಿತ್ರದ ಉಪಕಾರ ಸಣ್ಣದಲ್ಲ. ಇದು ದೆವ್ವವಲ್ಲ, ಮನಸ್ಸಿನ ಬೇನೆ ಎಂದು ಅದು ಮನೆಮನೆಗೂ ಹೇಳಿತು. ಆದರೆ ಬೇನೆ ವಾಸಿಯಾದ ಬಗೆ? ಒಬ್ಬ ಜಾಣ ವೈದ್ಯ, ಒಂದು ಬೊಂಬೆ, ಒಂದು ರಾತ್ರಿ!

ಗಂಗೆಯದು ಬಹುವ್ಯಕ್ತಿತ್ವದ ಬೇನೆ. ವೈದ್ಯರು 'ವ್ಯಕ್ತಿತ್ವ ದೋಷ' ಎನ್ನುವುದು ಬೇರೆ. ನಾವು ಎರಡನ್ನೂ ಕಲಸಿಬಿಡುತ್ತೇವೆ. ವ್ಯಕ್ತಿತ್ವ ದೋಷಗಳಲ್ಲಿ 'ಬಾರ್ಡರ್‌ಲೈನ್' ಎಂಬುದೊಂದು. ಗಳಿಗೆಗೊಂದು ಭಾವ, ನನ್ನವರು ಕೈಬಿಡುವರೆಂಬ ಭಯ, ತನಗೆ ತಾನೇ ನೋವು ಮಾಡಿಕೊಳ್ಳುವ ಆವೇಗ. ಮನೆಯವರು "ಹಟಮಾರಿ" ಎಂದು ಸುಮ್ಮನಾಗುತ್ತಾರೆ. ಇದನ್ನೇ ವಾಸಿಮಾಡುವ ಗುಳಿಗೆಯಿಲ್ಲ, ಮಾತೇ ಮದ್ದು. ಅಮೆರಿಕದ ಮಾರ್ಷಾ ಲಿನೆಹಾನ್ ರೂಪಿಸಿದ ಚಿಕಿತ್ಸೆಯಿಂದ ರೋಗಿಗಳ ಸ್ವಘಾತ ಕಡಿಮೆಯಾಯಿತೆಂದು 1991ರ ಪರೀಕ್ಷೆ ತೋರಿಸಿತು. ಅದಕ್ಕೆ ಹಿಡಿದದ್ದು ಒಂದು ವರ್ಷ: ವಾರವಾರವೂ ಒಬ್ಬೊಬ್ಬರೊಡನೆ ಮಾತು, ಜೊತೆಗೆ ಗುಂಪಿನಲ್ಲಿ ಪಾಠ. ತಾವೂ ಹಿಂದೆ ಇಂಥ ರೋಗಿಯಾಗಿದ್ದುದನ್ನು ಆಕೆ 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು.

ಇನ್ನು ನಾವಿರುವ ಕೇರಳದ ಮಾತು. ತಿರುವನಂತಪುರದ ಊಳಂಪಾರದ ಸರ್ಕಾರಿ ಮಾನಸಿಕ ಆಸ್ಪತ್ರೆ 1870ರಷ್ಟು ಹಳೆಯದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಕೊಚ್ಚಿಯ ಕಡೆಗೂ ಬಂದಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿಯಲ್ಲಿ ನಡೆಸಿದ ಪ್ರಯೋಗವೇ ಅದಕ್ಕೆ ಮಾದರಿ. ಅದು ಔಷಧವನ್ನು ಜನರ ಹತ್ತಿರ ತಂದಿತು. ವಾರಕ್ಕೊಂದು ಗಂಟೆ ಕುಳಿತು ಕೇಳುವ, ತರಬೇತಾದ ಕಿವಿಗಳನ್ನೂ ಅದು ತರಬೇಕು. ಹಣವಿದ್ದವರಿಗೆ ಖಾಸಗಿ ವೈದ್ಯರುಂಟು. ಉಳಿದವರಿಗೆ ಸರ್ಕಾರಿ ಆಸ್ಪತ್ರೆಯೇ ಗತಿ.

ಮಾತೇ ಮದ್ದೆಂದ ಮೇಲೆ ಭಾಷೆಯ ಪ್ರಶ್ನೆಯೂ ಏಳುತ್ತದೆ. ಇಲ್ಲಿ ಹುಟ್ಟಿದ ನಮ್ಮ ಮಕ್ಕಳು ಮಲಯಾಳದಲ್ಲಿ ಹೇಳಿಕೊಂಡಾರು. ಊರಿನಿಂದ ಬಂದ ಸೊಸೆ ತನ್ನ ಸಂಕಟವನ್ನು ಯಾವ ಭಾಷೆಯಲ್ಲಿ ತೋಡಿಕೊಳ್ಳಬೇಕು? ಸರ್ಕಾರದ ಟೆಲಿ ಮಾನಸ್ ದೂರವಾಣಿ 14416 ಕನ್ನಡದಲ್ಲೂ ಕಿವಿಗೊಡುತ್ತದೆ. ಅಷ್ಟಾದರೂ ಮೊದಲ ಆಸರೆ. ಅದು ವರ್ಷದ ಚಿಕಿತ್ಸೆಗೆ ಸಮವಲ್ಲ.

ಚಿತ್ರದ ಗಂಗೆ ಗುಣವಾಗಿ ಗಂಡನೊಡನೆ ಹೊರಟುಬಿಡುತ್ತಾಳೆ. ನಮ್ಮ ಮನೆಯ ಗಂಗೆಯರಿಗೆ ಅಷ್ಟು ಬೇಗ ಬಿಡುಗಡೆಯಿಲ್ಲ. ವರ್ಷವಿಡೀ ಕಾಯುವ ತಾಳ್ಮೆ ಸರ್ಕಾರಕ್ಕೂ ಬೇಕು, ನಮಗೂ ಬೇಕು.