ಮೋರಿಯ ಮೇಲೆ ಹೊರಿಸಿದ ನಾತ

ಹೊಸ ತಿಪ್ಪಸಂದ್ರದಲ್ಲಿ ಭಾನುವಾರ ಬೆಳಿಗ್ಗೆ ಹಂದಿ ಮಾಂಸಕ್ಕೆ ನಿಂತವರಿಗೆಲ್ಲ ಸಿಗುವ ಭರವಸೆ ಒಂದೇ: ‘ಸಾರ್, ಇದು ಫಾರ್ಮ್ ಹಂದಿ, ಮೋರೀದಲ್ಲ. ವಾಸನೆ ಬರಲ್ಲ.’ ಕೊಡವರು, ಮಂಗಳೂರಿನ ಕ್ಯಾಥೊಲಿಕರು, ಎಚ್‌ಎಎಲ್ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದ ಮಲಯಾಳಿಗಳು, ಈಚೆಗೆ ಬಂದ ಈಶಾನ್ಯದ ಹುಡುಗ ಹುಡುಗಿಯರು, ಎಲ್ಲರೂ ಅದನ್ನು ಒಪ್ಪಿಕೊಂಡು ಚೀಲ ಚಾಚುತ್ತಾರೆ. ಹೊಲಸು ತಿಂದದ್ದು ಹೊಲಸು ನಾರುತ್ತದೆ ಎಂಬ ಮಾತಿಗೆ ಯಾರು ತಾನೇ ಮರುಪ್ರಶ್ನೆ ಹಾಕುತ್ತಾರೆ?

ಹಾಕಲೇಬೇಕು. ಒಂದೇ ಸೂಲಿನ ಹೆಣ್ಣು ಗಂಡು ಮರಿಗಳನ್ನು ಒಂದೇ ದೊಡ್ಡಿಯಲ್ಲಿ, ಒಂದೇ ಹೋಟೆಲಿನ ಮುಸುರೆ ಹಾಕಿ ಬೆಳೆಸಿ, ಏಳೆಂಟು ತಿಂಗಳಿಗೆ ಕಡಿಯುತ್ತಾರೆ ಎನ್ನೋಣ. ಬಾಣಲೆಯಿಂದ ಉಚ್ಚೆಯ ಘಾಟು ಎದ್ದರೆ ಅದು ಬೀಜ ತೆಗೆಯದ ಗಂಡಿನ ತುಂಡಿನಿಂದ. ಅದೇ ಮುಸುರೆ ತಿಂದ ಅಕ್ಕತಂಗಿಯರಿಂದ ಏಳುವುದಿಲ್ಲ. ತಿಂದದ್ದೇ ಕಾರಣವಾಗಿದ್ದರೆ ಹೀಗೆ ಆಗುತ್ತಿರಲಿಲ್ಲ.

ಅಪರಾಧಿಗಳು ಇಬ್ಬರು. ಒಂದು ಆಂಡ್ರೊಸ್ಟಿನೋನ್. ಗಂಡು ಪ್ರಾಯಕ್ಕೆ ಬಂದಾಗ ವೃಷಣದಲ್ಲಿ ಹುಟ್ಟಿ, ಜೊಲ್ಲಿನಲ್ಲಿ ಸೇರಿ ಹೆಣ್ಣನ್ನು ಕರೆಯುವ ವಸ್ತು ಇದು; ಮಿಕ್ಕದ್ದು ಕೊಬ್ಬಿನಲ್ಲಿ ಕೂರುತ್ತದೆ. ಇನ್ನೊಂದು ಸ್ಕೇಟೋಲ್. ಜೀರ್ಣವಾಗದ ಪ್ರೋಟೀನಿನ ಟ್ರಿಪ್ಟೊಫ್ಯಾನನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾ ಕೊಳೆಯಿಸಿದಾಗ ಇದು ಹುಟ್ಟುತ್ತದೆ, ವಾಸನೆ ಸಾಕ್ಷಾತ್ ಸಗಣಿಯದು. ಸ್ಕೇಟೋಲ್ ಹೆಣ್ಣಿನ ಕರುಳಿನಲ್ಲೂ ಹುಟ್ಟುತ್ತದೆ, ಆದರೆ ಅವಳ ಪಿತ್ತಜನಕಾಂಗ ಅದನ್ನು ಒಡೆದು ಹೊರಹಾಕುತ್ತದೆ. ಬೀಜವಿರುವ ಗಂಡಿನಲ್ಲಿ ಆಂಡ್ರೊಸ್ಟಿನೋನ್ ಆ ಕೆಲಸಕ್ಕೇ ಅಡ್ಡ ಬರುತ್ತದೆ. ಒಬ್ಬ ಕಳ್ಳ ಇನ್ನೊಬ್ಬನಿಗೆ ಬಾಗಿಲು ತೆರೆದು ಕೊಟ್ಟಂತೆ.

ಹಾಗಾದರೆ ಕೊಳಕಿಗೆ ಪಾತ್ರವೇ ಇಲ್ಲವೇ? ಇದೆ, ಆದರೆ ಜನ ಹೇಳುವ ರೀತಿಯಲ್ಲಲ್ಲ. ಹಂದಿ ನಮ್ಮಂತೆ ಬೆವರುವುದಿಲ್ಲ. ಏಪ್ರಿಲ್ ಬಿಸಿಲಿಗೆ ತಗಡಿನ ಸೂರಿನ ಕೆಳಗೆ ತಂಪು ಸಿಗದಿದ್ದರೆ ತನ್ನ ಸಗಣಿ ಉಚ್ಚೆಯಲ್ಲೇ ಹೊರಳುತ್ತದೆ, ಆಗ ಸ್ಕೇಟೋಲ್ ಮೈಗೆ ಏರುತ್ತದೆ. ಇದು ಮೋರಿಗಿಂತ ಇಕ್ಕಟ್ಟಾದ ಫಾರ್ಮಿನಲ್ಲೇ ಹೆಚ್ಚು ಸುಲಭ. ನೆಲ ತೊಳೆದು, ನೀರು ಚಿಮುಕಿಸಿ, ಕಡಿಯುವ ಮುಂಚಿನ ವಾರ ಎರಡು ವಾರ ಚಿಕರಿ ಬೇರು ಅಥವಾ ಹಸಿ ಆಲೂಗಡ್ಡೆಯ ಪಿಷ್ಟ ತಿನ್ನಿಸಿದರೆ ಸ್ಕೇಟೋಲ್ ಇಳಿಯುತ್ತದೆ. ಆಂಡ್ರೊಸ್ಟಿನೋನ್ ಇದಕ್ಕೆಲ್ಲ ಜಗ್ಗುವುದಿಲ್ಲ.

‘ಮೋರಿ ಹಂದಿ’ ಎಂದು ಮೂಗು ಮುರಿಯುವಾಗ ನಮ್ಮ ತಾತ್ಸಾರ ಹಂದಿಗಿಂತ ಅದನ್ನು ತಲೆತಲಾಂತರದಿಂದ ಸಾಕಿಕೊಂಡು ಬಂದ ಕೊರಮ, ಕೊರಚರಂಥವರ ಮೇಲೆ ಬೀಳುತ್ತದೆ. ನಾತವನ್ನು ಅವರ ಕೊಳಕಿನ ಸಾಕ್ಷಿ ಮಾಡಿಕೊಂಡಿದ್ದೇವೆ. ಬಯಲಲ್ಲಿ ಮೇಯುವ ಹಂದಿಯಲ್ಲಿ ನಿಜವಾಗಿ ಹೆದರಬೇಕಾದದ್ದು ಲಾಡಿಹುಳು, ಅದಕ್ಕೆ ವಾಸನೆಯೇ ಇಲ್ಲ. ಮಾಂಸಖಂಡದಲ್ಲಿ ಅಕ್ಕಿಕಾಳಿನಂತೆ ಕೂತಿರುವ ಚೀಲಗಳು ಕಣ್ಣಿಗೆ ಬಿದ್ದಾವು, ಮೂಗಿಗಲ್ಲ. ಅದನ್ನು ಬೇಯಿಸದೆ ತಿಂದರೆ ಕರುಳಿನಲ್ಲಿ ಹುಳು. ಮಿದುಳಿಗೆ ಹೋಗಿ ಫಿಟ್ಸ್ ತರುವುದು ಹುಳುವಿದ್ದ ಮನುಷ್ಯನ ಮಲದಿಂದ ನೀರಿಗೋ ಸೊಪ್ಪಿಗೋ ಸೇರಿದ ಮೊಟ್ಟೆ. ಆದ್ದರಿಂದಲೇ ಹಂದಿ ಮುಟ್ಟದ ಸಸ್ಯಾಹಾರಿಗಳಿಗೂ ಈ ಕಾಯಿಲೆ ಬರುತ್ತದೆ. ಇತ್ತ ಗಂಡಿನ ನಾತವಿರುವ ಮಾಂಸ ತಿಂದರೆ ಯಾವ ರೋಗವೂ ಬರುವುದಿಲ್ಲ, ಊಟ ಕೆಡುತ್ತದೆ ಅಷ್ಟೆ. ವಾಸನೆ ನೋಡಿ ಆರೋಗ್ಯ ಅಳೆಯುವವರು ಎರಡು ಕಡೆಯೂ ಮೋಸ ಹೋಗುತ್ತಾರೆ.

‘ಕಾಚಂಪುಳಿ ಬಿಟ್ಟರೆ ಎಲ್ಲ ಹೋಗುತ್ತೆ’ ಎನ್ನುವ ಪಂಡಿತರೂ ಇದ್ದಾರೆ. ಬಫಾತಿನ ಪುಡಿಗೂ ವಿನೆಗರಿಗೂ ಇದೇ ಹೊಗಳಿಕೆ. ಹುಳಿ, ಮೆಣಸು, ಹೊಗೆ ಇವೆಲ್ಲ ನಾತವನ್ನು ಒಂದಿಷ್ಟು ಮರೆಮಾಚುತ್ತವೆ, ನಿಜ. ಆದರೆ ಅದು ಕರಗಿ ಕೂತಿರುವುದು ನೆಣದಲ್ಲಿ. ಹುಳಿ ನೀರಿನಲ್ಲಿ ಎಷ್ಟು ನೆನೆಹಾಕಿದರೂ ಅಲ್ಲಿಂದ ಎದ್ದು ಬರುವುದಿಲ್ಲ. ನೆಣ ಕತ್ತರಿಸಿ ಎಸೆದರೆ ಕಡಿಮೆಯಾದೀತು, ಆದರೆ ನೆಣವಿಲ್ಲದ ಪಂದಿ ಕರಿಯನ್ನು ಯಾವ ಕೊಡವರ ಮನೆಯಲ್ಲಿ ಬಡಿಸಿಯಾರು?

ಇನ್ನು ಬೀಜ ತೆಗೆಯುವುದು. ಸಾಕುವವರಿಗೆ ಹಿಂದಿನಿಂದಲೂ ಗೊತ್ತಿದ್ದ ಖಚಿತ ಉಪಾಯ. ಆದರೆ ಎಳೆ ಮರಿಯನ್ನು ಹಿಡಿದು, ಅರಿವಳಿಕೆಯಿಲ್ಲದೆ ಬ್ಲೇಡಿನಲ್ಲಿ ಸೀಳುವುದನ್ನು ‘ರುಚಿಗಾಗಿ’ ಎಂದು ಒಪ್ಪಿಕೊಂಡುಬಿಡುವುದು ನನಗೆ ಆಗದು. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ನಿಗದಿತ ರೀತಿಯ ಬೀಜ ತೆಗೆಯುವಿಕೆಗೆ ವಿನಾಯಿತಿ ಕೊಟ್ಟಿದೆ. ಜರ್ಮನಿ 2021ರ ಜನವರಿಯಿಂದ ಅರಿವಳಿಕೆಯಿಲ್ಲದೆ ಮಾಡುವುದನ್ನೇ ನಿಲ್ಲಿಸಿತು. ಬ್ರಿಟನ್ನಿನಲ್ಲಿ ಬಹುಪಾಲು ಗಂಡುಗಳ ಬೀಜ ತೆಗೆಯುವುದೇ ಇಲ್ಲ, ಪ್ರಾಯ ಬಲಿಯುವ ಮುನ್ನವೇ ಕಡಿಯುತ್ತಾರೆ. 1998ರಲ್ಲಿ ಆಸ್ಟ್ರೇಲಿಯದಲ್ಲಿ ಮಾರುಕಟ್ಟೆಗೆ ಬಂದ ಲಸಿಕೆಯೂ ಇದೆ. ಕನಿಷ್ಠ ನಾಲ್ಕು ವಾರದ ಅಂತರದಲ್ಲಿ ಎರಡು ಚುಚ್ಚಿದರೆ ವೃಷಣದ ಕೆಲಸ ತಾತ್ಕಾಲಿಕವಾಗಿ ನಿಲ್ಲುತ್ತದೆ. ಬೀಜವಿರುವ ಗಂಡು ಕಡಿಮೆ ಮೇವಿನಲ್ಲಿ ಹೆಚ್ಚು ಮಾಂಸ ಕಟ್ಟುತ್ತದೆ, ರೈತನಿಗೆ ಅದೂ ಲಾಭ. ಬ್ರಿಟನ್ನಿನ ದಾರಿ ನಮ್ಮ ನಾಟಿ ತಳಿಗಳಿಗೆ ಒಗ್ಗುವುದು ಕಷ್ಟ. ವಿದೇಶಿ ಯಾರ್ಕ್‌ಶೈರಿಗಿಂತ ಅವು ಬೇಗ ಪ್ರಾಯಕ್ಕೆ ಬರುತ್ತವೆ, ಆ ಹೊತ್ತಿಗೆ ತೂಕ ಬಂದಿರುವುದಿಲ್ಲ.

ಅಳೆಯುವುದರಲ್ಲೂ ಜಗಳಗಳಾಗಿವೆ. 1990ರ ದಶಕದಲ್ಲಿ ಡೆನ್ಮಾರ್ಕಿನ ಕಸಾಯಿಖಾನೆಗಳು ಸ್ಕೇಟೋಲ್ ಅಳೆದು ‘ಪಾಸ್’ ಮಾಡಿದ ಮಾಂಸವನ್ನು ಜರ್ಮನಿ ಆಂಡ್ರೊಸ್ಟಿನೋನ್ ಅಳೆದು ತಡೆಯಿತು. 1998ರಲ್ಲಿ ಐರೋಪ್ಯ ನ್ಯಾಯಾಲಯ ಜರ್ಮನಿಯ ವಿರುದ್ಧ ತೀರ್ಪು ಕೊಟ್ಟಿತು. ನಮಗೆ ಅಷ್ಟು ದೂರದ ಯಂತ್ರ ಬೇಡ. ಕುತ್ತಿಗೆಯ ಕೊಬ್ಬಿಗೆ ಕಾದ ಸೋಲ್ಡರಿಂಗ್ ಐರನ್ ಮುಟ್ಟಿಸಿ ಹೊಗೆ ಮೂಸುವುದು ವಿದೇಶದ ಕಸಾಯಿಖಾನೆಗಳಲ್ಲೂ ನಡೆಯುವ ಪರೀಕ್ಷೆ. ಚುರ್ ಎಂದು ಕೊಬ್ಬು ಕರಗಿದಾಗಲೇ ನಾತ ಹೊರಬರುತ್ತದೆ. ತಣ್ಣಗಿನ ಮಾಂಸವನ್ನು ಕೌಂಟರಿನ ಮೇಲೆ ಮೂಸಿ ನೋಡುವ ಗಿರಾಕಿಗೆ ಏನೂ ಸಿಗುವುದಿಲ್ಲ. ಮನೆಗೆ ತಂದ ಮೇಲಾದರೆ ಬೆರಳಗಲದ ನೆಣವನ್ನು ಖಾಲಿ ಕಾವಲಿಯ ಮೇಲೆ ಹಾಕಿದರೆ ಅರೆ ನಿಮಿಷದ ಕೆಲಸ.

ಅಂಗಡಿಯವನಿಗೆ ‘ಫಾರ್ಮಿನದಾ?’ ಎಂದು ಕೇಳಿ ಉಪಯೋಗವಿಲ್ಲ. ಹೆಣ್ಣೋ ಗಂಡೋ, ಗಂಡಾದರೆ ಬೀಜ ತೆಗೆದದ್ದೋ, ಎಷ್ಟು ತಿಂಗಳದ್ದು ಎಂದು ಕೇಳಬೇಕು. ಹೆಚ್ಚಿನ ದರ ಕೇಳುವವರು ಇದನ್ನು ಹಲಗೆಯ ಮೇಲೆ ಬರೆದು ತೂಗುಹಾಕಬೇಕು. ಆದರೆ ‘ವಾಸನೆ ಇಲ್ಲ’ ಎನ್ನುವ ಅಂಗಡಿಯವ ಸುಳ್ಳು ಹೇಳುತ್ತಿದ್ದಾನೆ ಎಂದೂ ಹೇಳಲಾರೆ. ಆಂಡ್ರೊಸ್ಟಿನೋನ್ ಎಲ್ಲರ ಮೂಗಿಗೂ ತಾಗುವುದಿಲ್ಲ. ಕೆಲವರಿಗೆ ಉಚ್ಚೆ, ಕೆಲವರಿಗೆ ಬೆವರು, ಕೆಲವರಿಗೆ ಸಿಹಿ, ಹಲವರಿಗೆ ಏನೂ ಇಲ್ಲ. ಇದರಲ್ಲಿ ಒಂದು ವಾಸನೆ ಗ್ರಾಹಕದ ಜೀನಿನ ಪಾಲಿದೆ ಎಂದು 2007ರಲ್ಲಿ ತಿಳಿದುಬಂತು. ಒಂದೇ ತಟ್ಟೆಯ ಎದುರು ಗಂಡ ‘ಚೆನ್ನಾಗಿದೆಯಲ್ಲ’ ಎನ್ನುತ್ತಿರುವಾಗಲೇ ಹೆಂಡತಿ ಎದ್ದು ಹೋಗುವುದು ಈ ಕಾರಣಕ್ಕೇ ಇದ್ದೀತು. ಹಾಗಾಗಿ ಕಾದ ಕಬ್ಬಿಣ ಹಿಡಿಯುವವನ ಮೂಗನ್ನು ಮೊದಲು ಪರೀಕ್ಷಿಸಿಕೊಳ್ಳಿ: ಬಲಿತ, ಬೀಜ ತೆಗೆಯದ ಗಂಡಿನ ನೆಣ ಸುಟ್ಟು ಮೂಸಲು ಕೊಡಿ. ಬಾಕಿಯವರು ಮುಖ ತಿರುಗಿಸಿದಾಗಲೂ ಅವನು ತಲೆಯಾಡಿಸುತ್ತಿದ್ದರೆ, ಅವನನ್ನು ತಕ್ಕಡಿಗೆ ಕೂರಿಸಿ.