ಲೀಟರ್ ಕೇಳುವ ಮೊದಲು ಎತ್ತರ ಅಳೆಯಿರಿ

ಮೀನಿನ ಟ್ಯಾಂಕಿಗೆ ರಿಟರ್ನ್ ಪಂಪ್ ಕೊಳ್ಳಲು ಹೋದವರು ಅಂಗಡಿಯಲ್ಲಿ ಮೊದಲು ಕೇಳುವುದು, ‘ಗಂಟೆಗೆ ಎಷ್ಟು ಲೀಟರ್?’ ಎಂದು. ಡಬ್ಬದ ಮೇಲೂ ಅದೇ ಅಂಕಿ ದಪ್ಪಕ್ಷರದಲ್ಲಿ ಇರುತ್ತದೆ. ಆದರೆ ಅದು ನೀರನ್ನು ಒಂದಿಂಚೂ ಮೇಲೆತ್ತದೆ ಸುಮ್ಮನೆ ಹೊರದಬ್ಬುವಾಗ ಸಿಗುವ ಲೆಕ್ಕ. ನಮ್ಮ ಪಂಪ್ ಕೂರುವುದು ಟ್ಯಾಂಕಿನ ಕೆಳಗೆ, ಸ್ಟ್ಯಾಂಡಿನೊಳಗಿನ ಸಂಪಿನಲ್ಲಿ. ಅಲ್ಲಿ ಸೋಸಿದ ನೀರನ್ನು ಅದು ಟ್ಯಾಂಕಿನ ಅಂಚಿನವರೆಗೆ ಏರಿಸಬೇಕು. ಹಾಗಾಗಿ ಅಂಗಡಿಗೆ ಹೊರಡುವ ಮೊದಲು ಟೇಪು ಹಿಡಿದು, ಸಂಪಿನ ನೀರಿನ ಮಟ್ಟದಿಂದ ಟ್ಯಾಂಕಿನ ಮೇಲಂಚಿನವರೆಗೆ ಅಳೆದುಕೊಳ್ಳಿ.

ನಾಲ್ಕಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಎರಡೂವರೆ ಅಡಿಯ ಸ್ಟ್ಯಾಂಡಿನ ಮೇಲಿದ್ದರೆ ಈ ಅಳತೆ ಸುಮಾರು ಒಂದು ಮೀಟರ್. ಪೈಪು, ಎಲ್ಬೋಗಳ ಘರ್ಷಣೆ ಸೇರಿಸಿ 1.3 ಮೀಟರ್ ಎಂದು ನಾನು ಹಿಡಿಯುತ್ತೇನೆ. ಟ್ಯಾಂಕಿಗೆ ಹೆಚ್ಚುಕಡಿಮೆ 250 ಲೀಟರ್ ನೀರು ಹಿಡಿಸುತ್ತದೆ. ಗಂಟೆಗೆ ಅದರ ಮೂರರಿಂದ ಐದು ಪಟ್ಟು ನೀರು ಸಂಪಿನ ಮೂಲಕ ಹಾದರೆ ಧಾರಾಳವಾಯಿತು. ಒಳಗೆ ಸೆಳೆತ ಬೇಕೆನ್ನುವವರು ವೇವ್‌ಮೇಕರ್ ಹಾಕಲಿ; ಆ ಹೊರೆಯನ್ನು ರಿಟರ್ನ್ ಪಂಪಿನ ಮೇಲೆ ಹೇರಬೇಕಿಲ್ಲ.

ಸಾದಾ ಎಸಿ ಪಂಪು ನಮ್ಮ 50 ಹರ್ಟ್ಸ್ ಕರೆಂಟಿನ ತಾಳಕ್ಕೆ ಒಂದೇ ವೇಗದಲ್ಲಿ ತಿರುಗುತ್ತದೆ. ನೀರು ಹೆಚ್ಚಾಯಿತೆಂದರೆ ವಾಲ್ವ್ ತಿರುಗಿಸಿ ದಾರಿ ಕಿರಿದು ಮಾಡುವುದೊಂದೇ ಉಪಾಯ. ಡಿಸಿ ಪಂಪಿನಲ್ಲಿ ಮೋಟಾರಿನ ವೇಗವನ್ನೇ ಇಳಿಸಬಹುದು. ಮನೆಬಳಕೆಯ ಇಂಥವು ಬಹುಪಾಲು 24 ವೋಲ್ಟಿನವು. ಆದರೆ ಕಂಟ್ರೋಲರಿನಲ್ಲಿ ಹತ್ತು ಹಂತ ಇದೆ ಎಂದರೆ ಹತ್ತೂ ನಿಮಗೆ ದಕ್ಕುತ್ತವೆ ಎಂದಲ್ಲ. ವೇಗ ಅರ್ಧಕ್ಕೆ ಇಳಿದರೆ ಪಂಪು ನೀರನ್ನು ಎತ್ತಬಲ್ಲ ಎತ್ತರ ಅರ್ಧವಾಗುವುದಿಲ್ಲ, ಕಾಲುಭಾಗಕ್ಕೆ ಬೀಳುತ್ತದೆ. ಗರಿಷ್ಠ ಎರಡು ಮೀಟರ್ ಎತ್ತುವ ಪಂಪನ್ನು ಮೇಲಿನ ಟ್ಯಾಂಕಿಗೆ ಹಾಕಿ ನೋಡಿ: ವೇಗ ಶೇ 80ಕ್ಕೆ ಬಂತೋ ಇಲ್ಲವೋ, ನೀರು ಪೈಪಿನೊಳಗೇ ನಿಂತುಬಿಡುತ್ತದೆ. ಅದೇ ನಾಲ್ಕು ಮೀಟರಿನ ಪಂಪಾದರೆ ಶೇ 60ರ ಆಸುಪಾಸಿಗೂ ನೀರು ಮೇಲೆ ಬರುತ್ತದೆ. ಆದ್ದರಿಂದ ಲೀಟರ್ ಎರಡರಲ್ಲೂ ಒಂದೇ ಇದ್ದರೆ, ಎತ್ತರ ಹೆಚ್ಚಿರುವುದನ್ನೇ ಆರಿಸಿ. ವೇಗ ಇಳಿದಂತೆ ಕರೆಂಟು ಖರ್ಚು ಇನ್ನೂ ಬೇಗ ಇಳಿಯುವುದರಿಂದ ದೊಡ್ಡ ಪಂಪನ್ನು ನಿಧಾನ ಓಡಿಸುವುದು ನಷ್ಟವೂ ಅಲ್ಲ. ಸದ್ದೂ ಕಡಿಮೆ. ಓವರ್‌ಫ್ಲೋ ಪೈಪು ರಾತ್ರಿ ಗೊಳಗೊಳ ಎನ್ನುತ್ತಿದ್ದರೆ ಒಂದು ಹಂತ ಕೆಳಗಿಳಿಸಿ ಆ ಸದ್ದು ಅಡಗಿಸಬಹುದು. ನನಗೆ ಡಿಸಿ ಪಂಪಿನ ದೊಡ್ಡ ಸುಖ ಇದೇ.

ನಮ್ಮ ಊರುಗಳಲ್ಲಿ ಕರೆಂಟು ಹೋಗಿ ಬರುವುದು ಇದ್ದದ್ದೇ. ಮತ್ತೆ ಬಂದಾಗ ಪಂಪು ತಾನಾಗಿ ಶುರುವಾಗುತ್ತದೆಯೇ, ಹಳೆಯ ವೇಗವನ್ನೇ ಹಿಡಿಯುತ್ತದೆಯೇ ಎಂದು ಅಂಗಡಿಯಲ್ಲೇ ಪ್ಲಗ್ ಕಿತ್ತು ಹಾಕಿಸಿ ನೋಡಿ. ಯುಪಿಎಸ್ ಇದ್ದವರು ಕರೆಂಟಿಲ್ಲದಾಗ ನೀರು ಮೇಲೇರುವ ಕನಿಷ್ಠ ವೇಗಕ್ಕೆ ಇಳಿಸಿಕೊಂಡರೆ ಬ್ಯಾಟರಿ ಬಹಳ ಹೊತ್ತು ಬರುತ್ತದೆ. ಪಂಪು ನಿಂತ ಕೂಡಲೇ ರಿಟರ್ನ್ ಪೈಪು ಟ್ಯಾಂಕಿನ ನೀರನ್ನು ಹಿಂದಕ್ಕೆ ಎಳೆಯತೊಡಗುತ್ತದೆ. ಮೇಲೆ ಹೇಳಿದ ಟ್ಯಾಂಕಿನಲ್ಲಿ ಒಂದಿಂಚು ನೀರು ಎಂದರೆ 14 ಲೀಟರ್. ಅಷ್ಟು ಹೆಚ್ಚುವರಿ ಜಾಗ ಸಂಪಿನಲ್ಲಿ ಸದಾ ಇರಬೇಕು. ನೀರಿನ ಮಟ್ಟಕ್ಕೆ ತುಸು ಕೆಳಗೆ ಪೈಪಿನಲ್ಲಿ ಸಣ್ಣ ತೂತು ಕೊರೆದರೆ ಗಾಳಿ ಒಳನುಗ್ಗಿ ಎಳೆತ ತುಂಡಾಗುತ್ತದೆ. ಆ ತೂತಿಗೆ ಪಾಚಿ ಕಟ್ಟುತ್ತಲೇ ಇರುತ್ತದೆ, ಆಗಾಗ ಕಡ್ಡಿ ಆಡಿಸಬೇಕು.

ಬೋರ್‌ವೆಲ್ ನೀರು ಬಳಸುವವರು ಪಂಪನ್ನು ಬಿಚ್ಚಲು ಸುಲಭವೇ ಎಂಬುದನ್ನೂ ನೋಡಬೇಕು. ಇಂಪೆಲ್ಲರಿನ ದಂಡದ ಮೇಲೆ ಬೆಳ್ಳಗೆ, ಉಗುರಿಗೆ ಒರಟಾಗಿ ತಾಗುವಂತೆ ಸುಣ್ಣ ಕಟ್ಟುತ್ತದೆ. ಪಂಪು ಗುರ್ ಎನ್ನಲು ಶುರುಮಾಡುವುದು ಆಗಲೇ. ನೀರು ಬೆರೆಸಿದ ವಿನೆಗರಿನಲ್ಲಿ ಒಂದಷ್ಟು ಹೊತ್ತು ನೆನೆಸಿ ಹಳೆಯ ಟೂತ್‌ಬ್ರಶ್ಶಿನಿಂದ ಉಜ್ಜಿ ತೊಳೆದರೆ ಹೋಗುತ್ತದೆ. ದಂಡವೇ ಸವೆದಿದ್ದರೆ ಇಂಪೆಲ್ಲರ್ ಬದಲಿಸಬೇಕು. ಅದು ಬಿಡಿಯಾಗಿ ಸಿಗುತ್ತದೆಯೇ ಎಂದು ಹಣ ಕೊಡುವ ಮೊದಲೇ ಕೇಳಿಕೊಳ್ಳಿ. ಸಿಗುವುದಿಲ್ಲ ಎಂದರೆ, ಎಂಥ ಕಂಟ್ರೋಲರ್ ಇದ್ದರೂ ಆ ಪಂಪನ್ನು ನಾನು ಕೊಳ್ಳುವುದಿಲ್ಲ.